ರೂಟ್ ರಾಯರು

ರೂಟ್ ರಾಯರಿಗೆ ಸ್ವಂತ ಕಾರಿದೆ. ಪೋರ್ಟಿಕೋದಲ್ಲಿ ಹೊದಿಕೆ ಹೊದ್ದು ನಿಂತಿರುವ ಆ ಕಾರಿನ ಬಾನೆಟ್ಟಿನ ಮೇಲೆ ಬೇಸಿಗೆಯಲ್ಲಿ ಅವರ ಮನೆಯಾಕೆ ಸಂಡಿಗೆ ಒಣಗಿಸುತ್ತಾರೆ. ಮಿಕ್ಕ ಕಾಲದಲ್ಲಿ ಅಲ್ಲಿ ಬೆಕ್ಕು ಮಲಗುತ್ತದೆ. ರಾಯರು ಮಾತ್ರ ಕೈಚೀಲ ಹೆಗಲಿಗೇರಿಸಿ ಬಸ್ ಸ್ಟಾಪಿಗೆ ನಡೆಯುತ್ತಾರೆ. ಜಿಪುಣರೆಂದು ತಿಳಿಯಬೇಡಿ. ಬ್ಯಾಂಕಿನಿಂದ ನಿವೃತ್ತರಾದವರು, ಪಿಂಚಣಿ ಬರುತ್ತದೆ. ಬಸ್ಸಿನಲ್ಲಿ ಉಳಿಸಿದ ಇನ್ನೂರು ರೂಪಾಯಿಯನ್ನು ಇಳಿದ ಕೂಡಲೇ ಜೊತೆಯವರಿಗೆಲ್ಲ ಕಾಫಿ ಕುಡಿಸಿ ಮುಗಿಸುವ ಕೈ ಅವರದು. ಆದರೆ ಒಂದೇ ವಾಹನ ನಮ್ಮ ಬಾಗಿಲಲ್ಲಿ ಹತ್ತಿಸಿಕೊಂಡು ಅವರ ಬಾಗಿಲಲ್ಲಿ ಇಳಿಸಿಬಿಟ್ಟರೆ ರಾಯರಿಗೆ ಉಪ್ಪಿನಕಾಯಿ ಇಲ್ಲದೆ ಮೊಸರನ್ನ ಉಂಡ ಹಾಗೆ. ನಡುವೆ ಎಲ್ಲಾದರೂ ಇಳಿಯಬೇಕು, ರಸ್ತೆ ದಾಟಬೇಕು, ಇನ್ನೊಂದು ಬಸ್ ಹಿಡಿಯಬೇಕು. ಆಗಲೇ ಅವರ ಮುಖದಲ್ಲಿ ಕಳೆ.

ನಿಮ್ಮ ಬಡಾವಣೆಯಲ್ಲೂ ಇಂಥವರೊಬ್ಬರು ಇರಲೇಬೇಕು. ಮದುವೆಯ ಕರೆಯೋಲೆ ಕೊಟ್ಟರೆ ವಧೂವರರ ಹೆಸರು ಓದುವ ಮೊದಲು ಛತ್ರದ ವಿಳಾಸ ಓದುತ್ತಾರೆ, ಓದಿ ಕಣ್ಣು ಮುಚ್ಚಿ ಮೂರು ಬಸ್ ನಂಬರ್ ಹೇಳುತ್ತಾರೆ. ಬೆಂಗಳೂರಿನ ಸಿಟಿ ಬಸ್ಸಿಗೆ ಬಿಟಿಎಸ್ ಹೋಗಿ ಬಿಎಂಟಿಸಿ ಎಂಬ ಹೆಸರು ಬಂದದ್ದು 1997ರಲ್ಲಿ. ರಾಯರ ಬಾಯಲ್ಲಿ ಅದು ಇವತ್ತಿಗೂ ಬಿಟಿಎಸ್ಸೇ. ಟಿಕೆಟನ್ನು ಉದ್ದಕ್ಕೆ ನಾಲ್ಕು ಮಡಿಕೆ ಮಾಡಿ ಕೈಗಡಿಯಾರದ ಪಟ್ಟಿಯೊಳಗೆ ಸಿಕ್ಕಿಸುತ್ತಾರೆ. ಚೆಕಿಂಗ್‌ನವರು ಹತ್ತಿದರೆ ಹುಡುಕಾಟವಿಲ್ಲ. ಗಂಟೆ ನೋಡುವವರಂತೆ ಮಣಿಕಟ್ಟು ಮುಂದೆ ಚಾಚಿದರಾಯಿತು. ಚರ್ಮದ ಆ ಪಟ್ಟಿ ಟಿಕೆಟ್ ಸಿಕ್ಕಿಸಿ ಸಿಕ್ಕಿಸಿ ಒಂದು ಕಡೆ ಸಡಿಲವಾಗಿದೆ. ಹೊಸದು ಹಾಕಿಸಿ ಎಂದರೆ, ‘ಹೊಸದು ಬಿಗಿ ಇರುತ್ತೆ, ಮಡಿಕೆ ನಿಲ್ಲಲ್ಲ’ ಎನ್ನುತ್ತಾರೆ.

ಇಂಥ ರಾಯರ ಪಾಲಿಗೆ ಮೊನ್ನೆ ಒಂದು ಮಹಾಪರ್ವ ಒದಗಿತು. ಮನೆಯಾಕೆಯ ಅಣ್ಣನ ಮಗ ಹೆಂಡತಿ ಮತ್ತು ಇಬ್ಬರು ಮಕ್ಕಳೊಡನೆ ಹುಬ್ಬಳ್ಳಿಯಿಂದ ಬೆಳಗಿನ ವಿಮಾನಕ್ಕೆ ಬರುವವನಿದ್ದ. ಮಕ್ಕಳಿಗೆ ವಿಮಾನವನ್ನೂ ತೋರಿಸಬೇಕು, ವಂಡರ್‌ಲಾವನ್ನೂ ತೋರಿಸಬೇಕು, ಎರಡೂ ಒಂದೇ ದಿನ ಮುಗಿಯಬೇಕು ಎಂಬುದು ಅವನ ಲೆಕ್ಕ. ಏರ್‌ಪೋರ್ಟಿನಿಂದಲೇ ನೇರ ಪಾರ್ಕಿಗೆ. ಸುದ್ದಿ ತಿಳಿದ ರಾತ್ರಿ ರಾಯರಿಗೆ ನಿದ್ದೆ ಬರಲಿಲ್ಲವಂತೆ. ನಾನು ಜೊತೆಗೆ ಹೋದದ್ದು ಅವರ ಮನೆಯಾಕೆಯ ಒತ್ತಾಯಕ್ಕೆ. ‘ನೀವೂ ಹೋಗಿ. ಪಾರ್ಕು ಮುಚ್ಚೋದ್ರೊಳಗೆ ಮಕ್ಕಳು ಅಲ್ಲಿಗೆ ಸೇರೋ ಹಾಗೆ ನೋಡ್ಕೊಳ್ಳಿ’ ಎಂದು ಕಾಂಪೌಂಡಿನಾಚೆಯಿಂದ ಹೇಳಿದ್ದರು.

ಬೆಂಗಳೂರು ಬಲ್ಲವರಿಗೆ ಈ ಪ್ರಯಾಣದ ಗಾತ್ರ ಗೊತ್ತು. 2008ರಲ್ಲಿ ಏರ್‌ಪೋರ್ಟನ್ನು ದೇವನಹಳ್ಳಿಗೆ ಒಯ್ದರು, ಊರ ನಡುವಿನಿಂದ ಸುಮಾರು 35 ಕಿಲೋಮೀಟರ್. ವಂಡರ್‌ಲಾ 2005ರಲ್ಲಿ ಬಿಡದಿಗೆ ಮುಂಚೆ, ಹೆಜ್ಜಾಲದ ಹತ್ತಿರ ಬಂದು ಕೂತಿತ್ತು, ಇನ್ನೊಂದು ಕಡೆಗೆ ಸುಮಾರು 28 ಕಿಲೋಮೀಟರ್. ನಡುವೆ ಇಡೀ ಬೆಂಗಳೂರು. 2025ರಲ್ಲಿ ಸರ್ಕಾರ ಗ್ರಾಮಾಂತರ ಜಿಲ್ಲೆಗೆ ಬೆಂಗಳೂರು ಉತ್ತರ ಎಂದೂ ರಾಮನಗರಕ್ಕೆ ಬೆಂಗಳೂರು ದಕ್ಷಿಣ ಎಂದೂ ಹೆಸರಿಡಲು ತೀರ್ಮಾನಿಸಿದ ಮೇಲೆ ಕಾಗದದ ಮೇಲಾದರೂ ಇದು ಬೆಂಗಳೂರಿನಿಂದ ಬೆಂಗಳೂರಿಗೆ ಹೋಗುವ ಸಂಗತಿಯಾಗಿದೆ. ರಾಯರದು ಬೇರೆ ತಕರಾರು. ‘ವಾಸ್ತು ಪ್ರಕಾರ ನೀರು ಈಶಾನ್ಯದಲ್ಲಿರಬೇಕು ಕಣ್ರೀ. ನಮ್ಮೋರು ಈಶಾನ್ಯಕ್ಕೆ ವಿಮಾನ ಇಟ್ಟು ನೀರಾಟಾನ ನೈಋತ್ಯಕ್ಕೆ ಹಾಕಿದಾರೆ. ಟ್ರಾಫಿಕ್ ಆಗದೆ ಇನ್ನೇನಾಗುತ್ತೆ?’

ಟ್ರಾಲಿ ತಳ್ಳಿಕೊಂಡು ಹೊರಬಂದ ಅಳಿಯ ನಮಸ್ಕಾರ ಮಾಡಿ, ‘ಮಾಮಾ, ಒಂದು ಕ್ಯಾಬ್ ಮಾಡೋಣಲ್ರೀ, ಹುಡುಗ್ರು ನಸುಕಿನ್ಯಾಗ ಎದ್ದಾವ’ ಎಂದ. ರಾಯರು ಕೇಳಿಸದವರಂತೆ ಅವನ ಹೆಗಲ ಮೇಲೆ ಕೈಹಾಕಿ ಮೂರು ದಾರಿಗಳನ್ನು ಮುಂದಿಟ್ಟರು.

ಮೊದಲನೆಯದು ಫ್ಲೈಬಸ್. ಕೆಎಸ್‌ಆರ್‌ಟಿಸಿಯ ಈ ಬಸ್ಸು ಏರ್‌ಪೋರ್ಟಿನಿಂದ ಮೈಸೂರಿಗೆ ಹೋಗುತ್ತದೆ, ಅಂದರೆ ವಂಡರ್‌ಲಾದ ದಿಕ್ಕಿಗೇ. ಆದರೆ ನಮಗೆ ಬೇಕಾದ್ದು ಹೆಜ್ಜಾಲ, ಅದಕ್ಕೆ ಬೇಕಾದ್ದು ಮೈಸೂರು. 2023ರಲ್ಲಿ ತೆರೆದ ದಶಪಥ ಹೆದ್ದಾರಿಯಂತೂ ಬಿಡದಿ ಊರನ್ನೇ ಬಳಸಿಕೊಂಡು ಓಡುತ್ತದೆ. ‘ಡ್ರೈವರು ನಮ್ಮೋನಾಗಿದ್ರೆ ಒಂದು ಕ್ಷಣ ಸ್ಲೋ ಮಾಡಿಸಬಹುದಿತ್ತು’ ಎಂದು ರಾಯರು ನಿಟ್ಟುಸಿರಿಟ್ಟರು.

ಎರಡನೆಯದು ರೈಲು. ಇದನ್ನು ಹೇಳುವಾಗ ಅವರ ದನಿ ತಗ್ಗಿತು. ಏರ್‌ಪೋರ್ಟಿಗೆ ಹತ್ತಿರ 2021ರಲ್ಲಿ ಒಂದು ಹಾಲ್ಟ್ ಸ್ಟೇಷನ್ ಆಗಿದೆ. ಅಲ್ಲಿ ಹತ್ತಿ, ಸಂಗೊಳ್ಳಿ ರಾಯಣ್ಣ ನಿಲ್ದಾಣದಲ್ಲಿ ಇಳಿದು, ಮೈಸೂರು ಕಡೆಯ ಮೆಮು ಹಿಡಿದರೆ ಹೆಜ್ಜಾಲ ಸ್ಟೇಷನ್ ಸಿಗುತ್ತದೆ. ಏರ್‌ಪೋರ್ಟಿನ ಒಂದು ಕಾಫಿಯ ದುಡ್ಡಿನಲ್ಲಿ ಇಡೀ ಸಂಸಾರವೇ ಹೆಜ್ಜಾಲ ಸೇರಬಹುದು. ಆ ಹಾಲ್ಟಿನಲ್ಲಿ ರೈಲು ನಿಲ್ಲುವ ವೇಳೆಗೂ ವಿಮಾನ ಇಳಿಯುವ ವೇಳೆಗೂ ಜಾತಕ ಕೂಡಿಬರಬೇಕು, ಅಷ್ಟೆ. ಅವತ್ತು ಕೂಡಿಬರಲಿಲ್ಲ.

ಉಳಿದದ್ದು ಬಿಎಂಟಿಸಿಯ ಏರ್‌ಪೋರ್ಟ್ ಬಸ್ಸು, ವಾಯುವಜ್ರ. ‘ಕೆಐಎ-8 ಎಲೆಕ್ಟ್ರಾನಿಕ್ ಸಿಟಿ, ನಮಗಲ್ಲ. ಕೆಐಎ-9 ಮೆಜೆಸ್ಟಿಕ್. ಬನ್ನಿ, ಎಲ್ಲರೂ ಬಲಗಡೆ ಕೂತ್ಕೊಳ್ಳಿ, ಬೆಳಗಿನ ಬಿಸಿಲು ಎಡಕ್ಕೆ ಹೊಡೆಯುತ್ತೆ.’ ಎ.ಸಿ. ಬಸ್ಸಿನಲ್ಲಿ ಪರದೆ ಎಳೆದರೆ ಬಿಸಿಲೇ ಇಲ್ಲ ಎಂದು ನಾನು ಹೇಳಹೊರಟು ಸುಮ್ಮನಾದೆ. ಅಳಿಯ ಪೆಟ್ಟಿಗೆಯನ್ನು ಒಳಗಿನ ಸ್ಟ್ಯಾಂಡಿನಲ್ಲಿಟ್ಟು ಅದರ ಹಿಡಿಯನ್ನೇ ನೋಡುತ್ತ ಕೂತ. ರಾಯರು ಮಕ್ಕಳಿಗೆ ಸಾದಹಳ್ಳಿ ಟೋಲು, ಚಿಕ್ಕಜಾಲ, ಕೋಗಿಲು ಕ್ರಾಸ್ ಒಂದೊಂದನ್ನೂ ನೆಂಟರನ್ನು ಪರಿಚಯಿಸುವಂತೆ ಪರಿಚಯಿಸಿದರು. ಎಚ್‌ಎಎಲ್ ಏರ್‌ಪೋರ್ಟ್ ಇದ್ದ ಕಾಲದಲ್ಲಿ ಮಾಮೂಲು ಸಿಟಿ ಬಸ್ಸಿನಲ್ಲೇ ವಿಮಾನ ಹತ್ತಲು ಹೋಗಬಹುದಿತ್ತು ಎಂಬ ಚರಿತ್ರೆಯೂ ಆಯಿತು. ಹೆಬ್ಬಾಳ ಬಂತು. ಹೆಬ್ಬಾಳದ ಬಗ್ಗೆ ಹೇಳಲು ಅವರಲ್ಲಿದ್ದದ್ದೆಲ್ಲ ಮುಗಿದರೂ ಬಸ್ಸು ಹೆಬ್ಬಾಳದಲ್ಲೇ ಇತ್ತು. ಹುಡುಗ ಕೇಳಿದ: ‘ಅಜ್ಜಾ, ವಂಡರ್‌ಲಾ ಇದಕ್ಕಿಂತ ದೊಡ್ಡದದ ಏನು?’

ಮೆಜೆಸ್ಟಿಕ್‌ನಲ್ಲಿ ಇಳಿದಾಗ ಬಿಸಿಲು ಏರಿತ್ತು, ಚಿಕ್ಕ ಹುಡುಗಿ ನೀರು ನೀರು ಎನ್ನುತ್ತಿದ್ದಳು. ಬಾಟಲಿ ಕೊಡಿಸುತ್ತಲೇ ರಾಯರು ನೆಲ ತೋರಿಸಿದರು. ‘ನೋಡು ಪುಟ್ಟಾ, ಈಗ ನಾವು ನಿಂತಿರೋದೇ ಕೆರೆಯೊಳಗೆ. ಧರ್ಮಾಂಬುಧಿ ಅಂತ. ಕೆರೆ ಹೋಗಿ ಬಸ್ ಸ್ಟ್ಯಾಂಡಾಯ್ತು. ಉಳಿಸ್ಕೊಂಡಿದ್ರೆ ನೀರಾಟಕ್ಕೆ ಬಿಡದಿ ತನಕ ಯಾಕೆ ಹೋಗಬೇಕಿತ್ತು?’ ಹುಡುಗಿ ಸಿಮೆಂಟನ್ನು ಚಪ್ಪಲಿಯಿಂದ ಕೆದಕಿ ನೋಡಿದಳು.

ಅಲ್ಲಿಂದ ಮುಂದಕ್ಕೆ ಮೆಟ್ರೊ ಹಿಡಿಯೋಣ ಎಂದವನು ಅಳಿಯ. ನೇರಳೆ ಮಾರ್ಗ ಈಗ ಚಲ್ಲಘಟ್ಟದವರೆಗೆ ಹೋಗುತ್ತದೆ. ಮೆಜೆಸ್ಟಿಕ್‌ನಿಂದ ಮೈಸೂರು ರಸ್ತೆಯ ಗಲಾಟೆಯನ್ನೆಲ್ಲ ಮೇಲಿಂದಲೇ ದಾಟಿ ಕೆಂಗೇರಿ ಬಸ್ ಟರ್ಮಿನಲ್‌ನಲ್ಲಿ ಇಳಿಯಬಹುದು. ರಾಯರು ಒಪ್ಪಿದರು, ಮನಸ್ಸಿಲ್ಲದ ಮನಸ್ಸಿನಿಂದ. ಅವರಿಗೆ ಮೆಟ್ರೊ ಒಗ್ಗುವುದಿಲ್ಲ. ಕಂಡಕ್ಟರಿಲ್ಲ, ಚಿಲ್ಲರೆಯ ಮಾತಿಲ್ಲ, ‘ಮುಂದೆ ಹೋಗಿ ಮುಂದೆ ಹೋಗಿ’ ಇಲ್ಲ. ಎಲ್ಲಕ್ಕಿಂತ ದೊಡ್ಡ ಸಂಕಟವೆಂದರೆ ಮುಂದಿನ ನಿಲ್ದಾಣ ಯಾವುದು, ಬಾಗಿಲು ಯಾವ ಕಡೆ ತೆರೆಯುತ್ತದೆ ಎಂಬುದನ್ನು ರೈಲು ತಾನೇ ಹೇಳಿಬಿಡುತ್ತದೆ. ರಾಯರು ಎರಡು ಸಲ ಅದಕ್ಕಿಂತ ಮುಂಚೆ ಹೇಳಲು ಬಾಯಿ ತೆರೆದರು. ಎರಡು ಸಲವೂ ಆ ಹೆಣ್ಣುದನಿಯೇ ಗೆದ್ದಿತು. ಕೆಂಗೇರಿ ತನಕ ಅವರು ಮಾತಾಡಲಿಲ್ಲ. ಅಷ್ಟು ಹೊತ್ತು ಅಳಿಯ ಸುಖವಾಗಿ ನಿದ್ದೆ ಮಾಡಿದ.

ಕೆಂಗೇರಿಯಲ್ಲಿ ರಾಯರಿಗೆ ಜೀವ ಬಂತು. ಬಿಡದಿಗೆ ಹೋಗುವ 226ರ ಸಾಲಿನ ಬಸ್ಸು, ಎ.ಸಿ.ಯಿಲ್ಲದ್ದು, ಕಿಟಕಿ ತೆರೆಯುವಂಥದ್ದು. ವಾಯುವಜ್ರಕ್ಕೆ ಹೆಂಗಸರ ಪುಕ್ಕಟೆ ಪ್ರಯಾಣದ ಶಕ್ತಿ ಯೋಜನೆ ನಡೆಯುವುದಿಲ್ಲ; ಈ ಬಸ್ಸಿಗೆ ನಡೆಯುತ್ತದೆ. ಅಳಿಯನ ಹೆಂಡತಿ ಧಾರವಾಡ ಜಿಲ್ಲೆಯ ವಿಳಾಸದ ಆಧಾರ್ ಕಾರ್ಡ್ ತೋರಿಸಿದಳು, ಕಂಡಕ್ಟರ್ ಶೂನ್ಯ ಟಿಕೆಟ್ ಹರಿದುಕೊಟ್ಟ. ಹುಡುಗಿಗೂ ದುಡ್ಡಿಲ್ಲ. ಹುಡುಗನಿಗೆ ಅರ್ಧ, ರಾಯರಿಗೆ ಹಿರಿಯ ನಾಗರಿಕರ ರಿಯಾಯಿತಿ. ಪೂರ್ತಿ ದುಡ್ಡು ತೆತ್ತವರು ನಾನು ಮತ್ತು ಅಳಿಯ. ಆ ಸೊನ್ನೆಯ ಚೀಟಿ ಕೈಗೆ ಬಂದದ್ದೇ ಆಕೆಯ ಪಕ್ಷಾಂತರವಾಯಿತು. ಏರ್‌ಪೋರ್ಟಿನಲ್ಲಿ ಗಂಡನ ಪರವಾಗಿ ಮುಖ ಊದಿಸಿಕೊಂಡಿದ್ದವಳು ಈಗ, ‘ಮಾಮಾ ಹೇಳೂದು ಖರೇನ ಅದ. ಕ್ಯಾಬಿಗೆ ಸುಮ್ಮನ ಸಾವಿರಾರು ರೂಪಾಯಿ ಹಾಕ್ತಿದ್ರಿ’ ಎಂದಳು. ರಾಯರು ಟಿಕೆಟನ್ನು ಗಡಿಯಾರದ ಪಟ್ಟಿಗೆ ಸಿಕ್ಕಿಸುವುದನ್ನು ನೋಡಿ ತನ್ನದನ್ನು ಬಳೆಗಳ ನಡುವೆ ಸಿಕ್ಕಿಸಿಕೊಂಡಳು.

ಮುಖ್ಯರಸ್ತೆಯಲ್ಲಿ ಇಳಿದು ಪಾರ್ಕಿನ ಗೇಟಿಗೆ ಎಷ್ಟು ದೂರ ಎಂದರೆ ರಾಯರು ‘ಇಲ್ಲೇ’ ಎಂದರು. ಬೇರೆಯವರು ಆಟೊ ಹತ್ತುವಷ್ಟು ದೂರ ಅದು. ಪೆಟ್ಟಿಗೆಯ ಗಾಲಿಗಳು ಗಡಗಡ ಎನ್ನುತ್ತ ಟಿಕೆಟ್ ಕೌಂಟರಿಗೆ ಬಂದರೆ, ಸಾಲಿನಲ್ಲಿ ನಮ್ಮ ಮುಂದೆಯೇ ನಿಂತಿದ್ದರು, ಅದೇ ವಿಮಾನದಲ್ಲಿ ಅಳಿಯನ ಹಿಂದಿನ ಸೀಟಿನಲ್ಲಿ ಕೂತಿದ್ದ ಹುಬ್ಬಳ್ಳಿಯ ಇನ್ನೊಂದು ಸಂಸಾರ. ಕ್ಯಾಬಿನಲ್ಲಿ ಬಂದವರು. ಹೆಬ್ಬಾಳದಲ್ಲಿ ಅವರೂ ನಿಂತಿದ್ದರು, ಬಿಡದಿಯ ತಟ್ಟೆ ಇಡ್ಲಿ ತಿನ್ನಬೇಕೆಂದು ಮುಂದೆ ಹೋಗಿ ಒಂದು ಗಂಟೆ ಕಳೆದು ವಾಪಸ್ಸಾಗಿದ್ದರು. ಇಡ್ಲಿಯ ಗಂಟೆಯನ್ನು ಕಳೆದು ಲೆಕ್ಕ ಹಾಕಿದರೆ ಕ್ಯಾಬೇ ಮುಂದು, ಅದು ನನಗೂ ಗೊತ್ತು. ಆದರೆ ರಾಯರ ಮುಂದೆ ಹಾಗೆಲ್ಲ ಲೆಕ್ಕ ಹಾಕುವಂತಿಲ್ಲ. ಅವರು ಸುತ್ತಮುತ್ತ ನಾಲ್ಕು ಜನಕ್ಕೆ ಕೇಳುವಂತೆ, ‘ನೋಡಪ್ಪಾ, ಇಬ್ಬರೂ ಒಂದೇ ಕ್ಯೂ!’ ಎಂದರು.

ಒಳಗೆ ಮಕ್ಕಳು ಮಾಯವಾದವು. ನೀರಿಗಿಳಿಯಲು ನೈಲಾನ್ ಬಟ್ಟೆಯೇ ಬೇಕೆಂಬ ನಿಯಮ ರಾಯರಿಗೆ ಅನುಕೂಲವಾಯಿತು. ಹತ್ತಿಯ ಷರಟು ಕಳಚುವ ಪ್ರಶ್ನೆಯೇ ಬರಲಿಲ್ಲ. ರಿಕಾಯಿಲ್ ಎಂಬ ರೋಲರ್ ಕೋಸ್ಟರಿನ ಎದುರು ಬೆಂಚಿನ ಮೇಲೆ ಕೂತು ಬಹಳ ಹೊತ್ತು ಅದನ್ನೇ ನೋಡಿದರು. ಆ ಬಂಡಿ ಹೊರಟು, ತಲೆಕೆಳಗಾಗಿ ಸುತ್ತಿ, ಆ ತುದಿಗೆ ಏರಿ, ಅದೇ ಹಳಿಯ ಮೇಲೆ ಹಿಮ್ಮುಖವಾಗಿ ಬಂದು ಹೊರಟಲ್ಲಿಗೇ ನಿಲ್ಲುತ್ತದೆ. ‘ಇಷ್ಟು ಜನ ಹತ್ತಿದ್ರು, ಒಬ್ಬರೂ ಎಲ್ಲಿಗೂ ಹೋಗಲಿಲ್ಲ. ಇದಕ್ಕೆ ಟರ್ಮಿನಸ್ಸೇ ಇಲ್ವಲ್ರೀ’ ಎಂದು ನನ್ನ ಕಡೆ ತಿರುಗಿದರು. ಪಕ್ಕದ ಬೆಂಚಿನಲ್ಲಿ ತಮ್ಮ ಮೊಮ್ಮಕ್ಕಳ ಚಪ್ಪಲಿ ಕಾಯುತ್ತಿದ್ದ ಹಿರಿಯರೊಬ್ಬರು ತುಮಕೂರಿನವರು. ಅವರಿಗೆ ಮೆಜೆಸ್ಟಿಕ್ ಮುಟ್ಟದೆ ತುಮಕೂರು ಸೇರುವ ದಾರಿ ಬೇಕಿತ್ತು. ರಾಯರು ಬೆಂಚು ಬದಲಾಯಿಸಿದರು.

ಸಂಜೆ ಎಲ್ಲರೂ ಒದ್ದೆ ತಲೆಯಲ್ಲಿ ಹೊರಬಂದಾಗ ಅಳಿಯ ನನ್ನತ್ತ ಕಣ್ಣು ಮಿಟುಕಿಸಿ ಫೋನ್ ತೋರಿಸಿದ. ಗುಟ್ಟಾಗಿ ಕ್ಯಾಬ್ ಬುಕ್ ಮಾಡಿದ್ದ. ಕ್ಯಾಬ್ ಮಾತ್ರ ನಕ್ಷೆಯಲ್ಲಿ ಹೆದ್ದಾರಿಯ ಮೇಲೇ ನಿಂತಿತ್ತು. ಡ್ರೈವರಿನ ಫೋನ್ ಬಂತು. ಸರ್ವೀಸ್ ರಸ್ತೆಗೆ ಎಲ್ಲಿ ಇಳಿಯಬೇಕೋ ಅವನಿಗೆ ತಿಳಿಯದು, ಅಳಿಯನಿಗೆ ಹೇಳಲು ಬಾರದು. ಬೇರೆ ದಾರಿ ಕಾಣದೆ ಫೋನನ್ನು ರಾಯರ ಕೈಗೆ ಕೊಟ್ಟ.

ರಾಯರು ಯಾರಿಗೆ, ಯಾಕೆ ಎಂದು ಕೇಳಲೇ ಇಲ್ಲ. ‘ಹಲೋ, ನೀವೀಗ ಎಲ್ಲಿದ್ದೀರಾ? ಎದುರಿಗೆ ಏನು ಕಾಣ್ತಿದೆ?’ ಎಂದು ಶುರುಮಾಡಿದವರು ಅವನ ಊರು, ಮನೆ, ಬೆಳಗಿನಿಂದ ಊಟ ಆಗಿದೆಯೋ ಇಲ್ಲವೋ ಎಲ್ಲ ವಿಚಾರಿಸಿ ಹತ್ತು ನಿಮಿಷದ ಮೇಲೆ ಫೋನಿಟ್ಟರು.

‘ಪಾಪ, ಚನ್ನಪಟ್ಟಣದ ಹುಡುಗ. ತಿರುಗಿಕೊಂಡು ಇಲ್ಲಿಗೆ ಬರಬೇಕು ಅಂದ್ರೆ ತುಂಬಾ ಸುತ್ತು. ಕ್ಯಾನ್ಸಲ್ ಮಾಡಿಸ್ತೀನಿ, ನೀನು ನೆಟ್ಟಗೆ ಊರಿಗೆ ಹೋಗಪ್ಪಾ ಅಂತ ಹೇಳಿದೀನಿ. ನಮಗೆ 226 ಇದೆಯಲ್ಲ!’

ಅಳಿಯ ಹೆಂಡತಿಯ ಮುಖ ನೋಡಿದ. ಆಕೆ ಆಗಲೇ ಆಧಾರ್ ಕಾರ್ಡ್ ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಹುಡುಗಿಯನ್ನು ಎಳೆದುಕೊಂಡು, ಮುಖ್ಯರಸ್ತೆಯ ಕಡೆ ನಡೆಯುತ್ತಿದ್ದಳು.