ಕ್ಲೌಡ್ ನಿರ್ಣಯ ಚಂದ್ರಿಕೆ: ಅರಸೀಕೆರೆಯ ಗೊಬ್ಬರದಂಗಡಿಗೆ ಅನ್ವಯಿಸಿ

ಅನುಬಂಧ ಚತುಷ್ಟಯ

ಯಾವ ಶಾಸ್ತ್ರವಾದರೂ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳನ್ನು ಮೊದಲೇ ಹೇಳಿಬಿಡಬೇಕು. ಇಲ್ಲಿ ಅಧಿಕಾರಿ ಯಾರೆಂದರೆ, ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯಲ್ಲಿ ಮುಂಗಾರಿಗೆ ಗೊಬ್ಬರ ಉದ್ರಿ ಕೊಟ್ಟು, ಸುಗ್ಗಿಗೆ ಮೆಕ್ಕೆಜೋಳ ತೂಗಿಸಿಕೊಂಡು ಬಾಕಿ ಮುರಿದುಕೊಳ್ಳುವ ಸಾವ್ಕಾರ. ಹಾಸನ ಜಿಲ್ಲೆಯ ಅರಸೀಕೆರೆಯವರು ಇದಕ್ಕೆ ಅಧಿಕಾರಿಗಳಲ್ಲ. ಅವರಿಗೆ ತೆಂಗುಂಟು, ರೈಲ್ವೆ ಜಂಕ್ಷನ್ ಉಂಟು, ಬೇರೆಯದೇ ಭಾಷ್ಯ ಬೇಕು. ವಿಷಯ: ಉದ್ರಿ ಪುಸ್ತಕವನ್ನು ಎಲ್ಲಿಡಬೇಕು. ಸಂಬಂಧ: ತಿಂಗಳ ಬಾಡಿಗೆಯದು. ಪ್ರಯೋಜನ: ಸಾಲ ಕೊಟ್ಟವನಿಗೆ ನಿದ್ದೆ.

ಪೂರ್ವಪಕ್ಷ

ಕ್ಲೌಡ್ ತಂತ್ರಾಂಶ ಮಾರುವ ಪೂರ್ವಪಕ್ಷಿಯು ದಾವಣಗೆರೆಯಿಂದ ಬೈಕಿನಲ್ಲಿ ಬರುತ್ತಾನೆ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಲ್ಯಾಪ್‌ಟಾಪ್.

"ಆಟೋ ಸ್ಕೇಲಿಂಗ್ ಐತಿ ಸಾವ್ಕಾರ್ರೆ. ಒಮ್ಮೆಲೇ ಲಕ್ಷ ಜನ ಬಂದ್ರೂ ತಡ್ಕೊಂತತಿ."

"ಲಕ್ಷ ಜನ ಬಂದ್ರೆ ಯೂರಿಯಾ ಎಲ್ಲಿಂದ ತರ್ಲೋ ತಮ್ಮಾ?"

ಪೂರ್ವಪಕ್ಷ ಅರ್ಧ ಬಿದ್ದದ್ದು ಇಲ್ಲೇ. ಮಿಕ್ಕರ್ಧವನ್ನು ಗಣಿತ ಬೀಳಿಸುತ್ತದೆ. ದಿನಕ್ಕೆ ನೂರು ಬಿಲ್ಲು, ಬಿಲ್ಲಿಗೆ ಐದು ಕೆಬಿ, ವರ್ಷಕ್ಕೆ 300 ದಿನ ಎಂದಿಟ್ಟುಕೊಂಡರೆ ಆಗುವುದು 150 ಎಂಬಿ. ಜಿಎಸ್‌ಟಿ ಕಾಯ್ದೆಯು ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಲೆಕ್ಕ ಕಾಪಾಡಿ ಎನ್ನುತ್ತದೆ. ಆರು ವರ್ಷದ ವ್ಯಾಪಾರವೆಲ್ಲ ಸೇರಿದರೂ ಒಂದು ಜಿಬಿ ತುಂಬದು. ಗೂಗಲ್ ಖಾತೆಯೊಂದಕ್ಕೆ ಬಿಟ್ಟಿಯಾಗಿ ಸಿಗುವ 15 ಜಿಬಿಯಲ್ಲಿ ಸಾವ್ಕಾರನ ಮೊಮ್ಮಗನೂ ವ್ಯಾಪಾರ ಮಾಡಬಹುದು.

ಪ್ರಮಾಣ ವಿಚಾರ

"ನಮಗ್ಯಾಕೆ ಕ್ಲೌಡು?" ಎನ್ನುವವರಿಗೆ ಪ್ರತ್ಯಕ್ಷ ಪ್ರಮಾಣವೇ ಉತ್ತರ. ಗೊಬ್ಬರದಂಗಡಿ ಕ್ಲೌಡಿಗೆ ಹೋಗಿ ವರ್ಷಗಳಾದವು. 2018ರ ಹೊತ್ತಿಗೆ ದೇಶದ ಗೊಬ್ಬರದಂಗಡಿಗಳಿಗೆಲ್ಲ ಪಿಒಎಸ್ ಯಂತ್ರ ಬಂತು. ಸಾಮಾನ್ಯವಾಗಿ ರೈತ ಬೆರಳು ಒತ್ತಿದ ಮೇಲೆಯೇ ಸಬ್ಸಿಡಿ ಚೀಲ ಹೊರಗೆ. ಮಣ್ಣಲ್ಲಿ ದುಡಿದು ಗೆರೆ ಸವೆದ ಬೆರಳನ್ನು ಆತ ಪಂಚೆಗೆ ಒರೆಸಿ ಒತ್ತುತ್ತಾನೆ, ಒದ್ದೆ ಮಾಡಿ ಒತ್ತುತ್ತಾನೆ, ಹೆಬ್ಬೆರಳು ಬಿಟ್ಟು ತೋರುಬೆರಳು ಒತ್ತುತ್ತಾನೆ. ಕಡೆಗೆ ಗುಮಾಸ್ತ, "ಸರ್ವರ್ ಇಲ್ಲ, ಮಧ್ಯಾಹ್ನ ಬಾ" ಎನ್ನುತ್ತಾನೆ. ವೇದಾಂತಿಗಳು ನೇತಿ ಎಂದದ್ದನ್ನು ಗುಮಾಸ್ತ ಅನುಭವದಿಂದ ಹೇಳಿದ್ದಾನೆ.

ಇನ್ನು ಶಬ್ದ ಪ್ರಮಾಣ. ಕಂಪನಿಯ ಕಾಗದದಲ್ಲಿ ಸರ್ವರ್ ಎಚ್ಚರವಿರುವುದು ಶೇಕಡಾ 99.9 ಹೊತ್ತು ಎಂದಿರುತ್ತದೆ. ವರ್ಷಕ್ಕೆ ಎಂಟೂಮುಕ್ಕಾಲು ಗಂಟೆ ಮಲಗಲು ಅನುಮತಿ ಎಂದು ಅದರ ತಾತ್ಪರ್ಯ. ಆದರೆ ಮುಂಬಯಿಯ ಸರ್ವರ್ ಎದ್ದು ಕೂತಾಗಲೇ ಇಲ್ಲಿ ಕರೆಂಟು ಹೋಗಿರುತ್ತದೆ, ಇಲ್ಲವೇ ಜೆಸಿಬಿ ಕೇಬಲ್ಲನ್ನು ಕಿತ್ತಿರುತ್ತದೆ. ಆದ್ದರಿಂದ ನೆಟ್ ಇಲ್ಲದಾಗಲೂ ಬಿಲ್ ಹಾಕಿ, ನೆಟ್ ಬಂದಾಗ ತಾನೇ ಮೇಲೇರಿಸುವ ತಂತ್ರಾಂಶವೇ ಗ್ರಾಹ್ಯ.

ಮತತ್ರಯ

ಅಮೆರಿಕದ ಮಾನಕ ಸಂಸ್ಥೆ 2011ರಲ್ಲಿ ಕ್ಲೌಡಿಗೆ ಐದು ಲಕ್ಷಣ, ಮೂರು ಸೇವಾರೂಪ, ನಾಲ್ಕು ನಿಯೋಜನೆ ಎಂದು ಸೂತ್ರ ಬರೆಯಿತು. ಆ ಮೂರು ಸೇವಾರೂಪಗಳೇ ಇಲ್ಲಿಯ ಮತತ್ರಯ. ಮೊದಲ ಮತದಲ್ಲಿ ಬರಿಯ ಯಂತ್ರ ಬಾಡಿಗೆಗೆ. ಕೆಟ್ಟರೆ ನೀನೇ ನೋಡಿಕೋ. ಎರಡನೆಯದರಲ್ಲಿ ಕಾರ್ಯಕ್ರಮ ಬರೆಯಲು ವೇದಿಕೆ. ಮೂರನೆಯದರಲ್ಲಿ ತಂತ್ರಾಂಶವೇ ಸಿದ್ಧ. ಲಾಗಿನ್ ಆಗು, ಬಿಲ್ ಹಾಕು. ಕಂಪ್ಯೂಟರ್ ಬಲ್ಲ ಅಳಿಯ ಮನೆಯಲ್ಲಿಲ್ಲದವರು ಮೂರನೆಯದನ್ನೇ ಹಿಡಿಯತಕ್ಕದ್ದು. ಅಳಿಯ ಇದ್ದರೂ ಬೆಂಗಳೂರಲ್ಲಿದ್ದರೆ ಇಲ್ಲವೆಂದೇ ಎಣಿಕೆ.

ಬಿಲ್ಲಿನ ಪ್ರಕರಣ

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲು ಏರಿ ಕಾರಣಿಕ ನುಡಿಯುತ್ತಾನೆ. ಮೊದಲ ಮತದವರಲ್ಲಿ ಬಿಲ್ಲೇ ಏರುತ್ತದೆ. ಅರ್ಥ ಬಿಡಿಸುವ ಪಾಡು ಎರಡೂ ಕಡೆ ಒಂದೇ. ಗಂಟೆಗಿಷ್ಟು, ಜಿಬಿಗಿಷ್ಟು, ಡಾಲರಿನಲ್ಲಿಷ್ಟು. ಮುಖ್ಯ ಮರ್ಮವಿಷ್ಟೆ: ಮಾಹಿತಿ ಒಳಗೆ ಹಾಕಲು ದುಡ್ಡು ಕೇಳುವುದಿಲ್ಲ, ಮಿತಿ ಮೀರಿ ಹೊರತೆಗೆದರೆ ಕೇಳುತ್ತಾರೆ.

ದೃಷ್ಟಾಂತ

ಹೊರಬರುವ ದಾರಿಯ ಮಹತ್ವಕ್ಕೆ ಹರಪನಹಳ್ಳಿಗಿಂತ ದೊಡ್ಡ ದೃಷ್ಟಾಂತವಿಲ್ಲ. 1953ರ ಅಕ್ಟೋಬರಿನಲ್ಲಿ ಬಳ್ಳಾರಿಯ ಜೊತೆ ಮದ್ರಾಸಿನಿಂದ ಮೈಸೂರಿಗೆ, 1997ರಲ್ಲಿ ದಾವಣಗೆರೆಗೆ, ಆಮೇಲೆ ತಿರುಗಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ಊರು ಗೇಣುದ್ದ ಕದಲಲಿಲ್ಲ. ಬದು ಅಲ್ಲೇ, ಬಾವಿ ಅಲ್ಲೇ. ಬದಲಾದದ್ದು ಅರ್ಜಿಯ ತಲೆಬರಹ ಮತ್ತು ಕಚೇರಿಗೆ ಬಸ್ ಹತ್ತುವ ದಿಕ್ಕು. ಯಜಮಾನ ಯಾರೇ ಆಗಲಿ ದಾಖಲೆ ಹಿಂದೆ ಬರುತ್ತದೆಯೇ ಎಂಬುದನ್ನು ಈ ತಾಲ್ಲೂಕಿನವರು ಕೇಳದೆ ಇನ್ಯಾರು ಕೇಳಬೇಕು?

ಸಿದ್ಧಾಂತ

ಕೊಳ್ಳುವ ದಿನವೇ ಪೂರ್ವಪಕ್ಷಿಯನ್ನು ಕೂರಿಸಿ, ಚಹಾ ಕೊಟ್ಟು, "ಮುಂದಿನ ವರ್ಷ ನಿನ್ನ ಬಿಟ್ರೆ ನನ್ನ ಉದ್ರಿ ಲೆಕ್ಕ ಎಕ್ಸೆಲ್‌ನಾಗೆ ಕೊಡ್ತೀಯೇನು? ಈಗ್ಲೇ ತೆಗೆದು ತೋರ್ಸು" ಎನ್ನತಕ್ಕದ್ದು. ತೋರಿಸಿದರೆ ಕೊಳ್ಳುವುದು, ಮ್ಯಾನೇಜರಿಗೆ ಫೋನ್ ಹಚ್ಚಿದರೆ ಚಹಾದೊಂದಿಗೆ ಬೀಳ್ಕೊಡುವುದು. ತಿಂಗಳಿಗೊಮ್ಮೆ ಒಂದು ನಕಲು ಪೆನ್‌ಡ್ರೈವಿನಲ್ಲಿ ತಿಜೋರಿಗೆ. ಆ ನಕಲು ತೆರೆಯುತ್ತದೆಯೇ ಎಂದು ವರ್ಷಕ್ಕೊಮ್ಮೆ, ದೀಪಾವಳಿಯ ಲಕ್ಷ್ಮೀಪೂಜೆಯ ಹೊತ್ತಿಗಾದರೂ, ನೋಡತಕ್ಕದ್ದು.

ಫಲಶ್ರುತಿ

ಇದನ್ನು ಶ್ರದ್ಧೆಯಿಂದ ಓದಿದವರ ಲೆಕ್ಕ ಕಳೆಯದು, ಪಾಸ್‌ವರ್ಡ್ ಮರೆಯದು. ಉದ್ರಿ ವಸೂಲಾಗುವುದೇ ಎಂದು ಕೇಳಬಾರದು. ಅದು ಬೇರೆ ಶಾಸ್ತ್ರ.