ತುಕ್ಕಿಗೆ ಊರೆಲ್ಲ ವೈದ್ಯರು

ಕಾಯಿಲೆ ಬಿದ್ದವನಿಗೂ ಮನೆ ಕಟ್ಟಿಸುವವನಿಗೂ ನಮ್ಮಲ್ಲಿ ಸಲಹೆಗೆ ಬರವಿಲ್ಲ. ಈ ಪುಣ್ಯವಂತರ ಸಾಲಿಗೆ ಇನ್ನೊಬ್ಬನನ್ನೂ ಸೇರಿಸಬೇಕು: ಕ್ರೋಮ್ ರಿಮ್ಮಿನ ಹಳೇ ಬೈಕು ಇಟ್ಟುಕೊಂಡು ಸಮುದ್ರದ ಪಕ್ಕ ಸಂಸಾರ ಹೂಡಿದವನನ್ನು. ಅವನು ಗೇಟಿನ ಹೊರಗೆ ಗಾಡಿ ನಿಲ್ಲಿಸಿದರೆ ಸಾಕು, ಹಾಲು ಹಾಕುವವನಿಂದ ಹಿಡಿದು ಮೀಟರ್ ಓದಲು ಬರುವವನವರೆಗೆ ಎಲ್ಲರೂ ಬಗ್ಗಿ ಚಕ್ರದ ನಾಡಿ ಹಿಡಿಯುತ್ತಾರೆ.

ನನ್ನದು ಯೆಜ್ಡಿ ರೋಡ್‌ಕಿಂಗ್. ಅಪ್ಪಟ ಮೈಸೂರಿನದು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಜಾವಾಗಳು ಹೊರಬರತೊಡಗಿದವು; 1973ರಲ್ಲಿ ಅವೇ ಯೆಜ್ಡಿ ಎಂಬ ಹೆಸರು ಇಟ್ಟುಕೊಂಡವು; 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಒದ್ದು ಸ್ಟಾರ್ಟ್ ಮಾಡಿದ ಕಿಕ್ಕರನ್ನೇ ಮಡಚಿ ಗೇರಿಗೂ ಬಳಸುವ ಮಿತವ್ಯಯದ ಗಾಡಿ ಅದು. ಆದರೆ ಹೊಳಪಿನ ವಿಷಯದಲ್ಲಿ ಕಾರ್ಖಾನೆಯವರು ಜಿಪುಣತನ ಮಾಡಿರಲಿಲ್ಲ. ಮೈಸೂರಿನಲ್ಲಿ ಇದ್ದಷ್ಟು ಕಾಲ ಅದರ ರಿಮ್ಮಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು.

ಆಮೇಲೆ ನನಗೆ ಮಲ್ಪೆಯ ಹತ್ತಿರಕ್ಕೆ ವರ್ಗವಾಯಿತು. ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಸೀಮೆ. ಮಳೆಯನ್ನಾದರೂ ಕ್ಷಮಿಸಬಹುದು, ಅದು ಸಿಹಿನೀರು. ಉಪ್ಪು ಹೊತ್ತು ತರುವ ಗಾಳಿಯನ್ನೂ ಹೇಗೋ ಸಹಿಸಬಹುದು. ಆದರೆ ಬಂದರಿನಿಂದ ಹೊರಟು ಹೆದ್ದಾರಿಯುದ್ದಕ್ಕೂ ಸೋರಿಸುತ್ತಾ ಹೋಗುವ ಮೀನು ಲಾರಿಯ ಹಿಂದೆ ಸಿಕ್ಕಿಕೊಂಡವನ ಕಷ್ಟ ಶತ್ರುವಿಗೂ ಬೇಡ. ವಾಸನೆ ಮೂಗಿಗೆ, ಉಪ್ಪುನೀರು ರಿಮ್ಮಿಗೆ.

ಮೊದಲು ರೋಗ ಕಂಡವರು ಎದುರುಮನೆಯ ಭಟ್ಟರು. "ಎಂತ ಮಾರಾಯ್ರೆ, ನಿಮ್ಮ ಚಕ್ರಕ್ಕೆ ಕೆಂಪು ಬಂದಿದೆಯಲ್ಲ? ಸ್ವಲ್ಪ ತೆಂಗಿನೆಣ್ಣೆ ಹಚ್ಚಿ, ಹೋಗ್ತದೆ." ಕರಾವಳಿಯಲ್ಲಿ ತಲೆನೋವಿನಿಂದ ಹಿಡಿದು ಬಾಗಿಲಿನ ಕಿರುಗುಟ್ಟುವಿಕೆಯವರೆಗೆ ಎಲ್ಲಕ್ಕೂ ಅದೇ ಮದ್ದು. ಎಣ್ಣೆ ಹಚ್ಚಿದ ರಿಮ್ಮಿಗೆ ರಸ್ತೆಯ ಧೂಳೆಲ್ಲ ಬಂದು ಅಂಟುತ್ತದೆ. ಅದು ಜಾರಿ ಬ್ರೇಕಿನ ಡ್ರಮ್ಮಿನೊಳಗೆ ಇಳಿದರೆ ಗಾಡಿ ನಿಲ್ಲುವುದಕ್ಕೆ ಮೀನು ಲಾರಿಯೇ ಆಧಾರ. ಇದನ್ನು ಭಟ್ಟರಿಗೆ ವಿವರಿಸಿದೆ. "ಹಾಗಾದ್ರೆ ಸ್ವಲ್ಪವೇ ಹಚ್ಚಿ" ಎಂದರು.

ಮೈಸೂರಿನಿಂದ ಅಮ್ಮನ ಫೋನು: "ಹುಣಸೆಹಣ್ಣು ಹಾಕಿ ತಿಕ್ಕೋ, ದೀಪದ ಕಂಬ ಹೊಳೆಯಲ್ವಾ?"

"ಅಮ್ಮಾ, ಅದು ಹಿತ್ತಾಳೆ. ಇದು ಗಾಡಿ."

"ಹುಳಿಗೆ ಹಿತ್ತಾಳೆ ಯಾವುದು, ಗಾಡಿ ಯಾವುದು ಅಂತ ಗೊತ್ತಾಗುತ್ತೇನೋ?"

ರಸಾಯನಶಾಸ್ತ್ರ ಅಮ್ಮನ ಕಡೆಗೇ ಇದೆ. ಯಾವ ಹುಳಿಯಾದರೂ ತುಕ್ಕನ್ನು ಅಷ್ಟಿಷ್ಟು ಕರಗಿಸುತ್ತದೆ. ಕೋಲಾದಲ್ಲಿರುವ ಫಾಸ್ಪರಿಕ್ ಆಮ್ಲದ್ದೂ ಅದೇ ಗುಣ. ಆದರೆ ಹುಳಿಯನ್ನು ಕೂಡಲೇ ತೊಳೆಯದಿದ್ದರೆ ಅದು ತುಕ್ಕನ್ನು ಮುಗಿಸಿ ಉಕ್ಕಿಗೆ ಕೈಹಾಕುತ್ತದೆ. ಕೋಲಾದ ಸಂಗತಿ ಗೊತ್ತಾದ ಮೇಲೆ ಮಗ ದಿನಾ ಗಾಡಿ ತೊಳೆಯಲು ಮುಂದೆ ಬಂದ. ರಿಮ್ಮಿಗೆಂದು ತಂದ ಬಾಟಲಿಯಲ್ಲಿ ರಿಮ್ಮಿಗೆ ಸಿಕ್ಕಿದ್ದು ತಳದ ಗುಟುಕು.

ಇವರೆಲ್ಲ ನಿರಪಾಯದ ವೈದ್ಯರು. ನಿಜಕ್ಕೂ ಹೆದರಬೇಕಾದ್ದು ಉತ್ಸಾಹಿಗಳಿಗೆ. ಗ್ಯಾರೇಜಿನ ಹುಡುಗನೊಬ್ಬ ಎಮರಿ ಪೇಪರ್ ಹಿಡಿದುಕೊಂಡು "ಐದೇ ನಿಮಿಷ ಸರ್, ಎಳೆದುಬಿಡ್ತೇನೆ" ಎನ್ನುತ್ತಾ ಬಂದಾಗ ನಾನು ಚಕ್ರಕ್ಕೆ ಅಡ್ಡಲಾಗಿ ಕೂತುಬಿಟ್ಟೆ. ಏಕೆಂದರೆ ಬೆಂಗಳೂರಿನ ಪೀಣ್ಯದಲ್ಲಿ ಪ್ಲೇಟಿಂಗ್ ಮಾಡುವವರೊಬ್ಬರು ಹಿಂದೊಮ್ಮೆ ಗುಟ್ಟು ಬಿಟ್ಟುಕೊಟ್ಟಿದ್ದರು: "ಕ್ರೋಮ್ ಅನ್ನೋದು ಬರೀ ಶೋಕಿಗೆ ಸಾರ್. ಕಬ್ಬಿಣ ಕಾಯೋದು ಕೆಳಗಿರೋ ನಿಕ್ಕಲ್ಲು." ನಾವು ಹೆಮ್ಮೆಯಿಂದ ಒರೆಸುವ ಆ ಕ್ರೋಮಿನ ಪದರ ಸಾಮಾನ್ಯವಾಗಿ ಅರ್ಧ ಮೈಕ್ರಾನೂ ಇರುವುದಿಲ್ಲ, ತಲೆಗೂದಲೊಂದರ ದಪ್ಪ ಸುಮಾರು 70 ಮೈಕ್ರಾನ್. ಅದರಲ್ಲಿ ಕಣ್ಣಿಗೆ ಕಾಣದ ಬಿರುಕುಗಳು, ರಂಧ್ರಗಳು ಬೇರೆ. ನಿಕ್ಕಲ್ ಎಲ್ಲಿ ತೆಳುವೋ ಅಲ್ಲಿ ಉಪ್ಪುನೀರು ಕೆಳಗಿನ ಉಕ್ಕನ್ನು ಮುಟ್ಟುತ್ತದೆ. ಕ್ರೋಮಿಗೆ ತುಕ್ಕು ಹಿಡಿಯುವುದಿಲ್ಲ. ಅದು ಸೋತು ದಾರಿ ಬಿಟ್ಟಾಗ ಒಳಗಿನ ಉಕ್ಕು ಕೆಂಪಾಗಿ ಹೊರಗೆ ಬಂದು ಕೂರುತ್ತದೆ. ಅಂಥ ಪದರಕ್ಕೆ ಎಮರಿ ಪೇಪರ್! ಐದು ನಿಮಿಷವೂ ಬೇಕಿರಲಿಲ್ಲ.

ಕೊನೆಗೆ ಮದ್ದು ಸಿಕ್ಕಿದ್ದು ನಮ್ಮ ಅಡುಗೆಮನೆಯಲ್ಲೇ, ಮಗನ ಡಬ್ಬಿಯ ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್ ರೂಪದಲ್ಲಿ. ಹೆಂಡತಿ ನೋಡುವ ಮುನ್ನ ಒಂದು ಗೇಣು ಹರಿದುಕೊಳ್ಳಬೇಕು. ಮುದುರಿ ಉಂಡೆ ಮಾಡಿ, ನೀರಿನಲ್ಲಿ ಅದ್ದಿ, ತುಕ್ಕಿನ ಮೇಲೆ ಮೆಲ್ಲಗೆ ಉಜ್ಜಬೇಕು. ಮೊದಮೊದಲು ಕರಕರ ಎನ್ನುತ್ತದೆ. ನಾಲ್ಕು ಸಲ ಕೈಯಾಡಿಸುವಷ್ಟರಲ್ಲಿ ಸದ್ದು ಅಡಗಿ, ಬೆರಳಿಗೆ ಕಾಡಿಗೆಯಂಥ ಕಪ್ಪು ಮೆತ್ತುತ್ತದೆ. ಒರೆಸಿದರೆ ಕೆಳಗೆ ಹೊಳಪು. ಅಲ್ಯೂಮಿನಿಯಂ ಕ್ರೋಮಿಗಿಂತ ಮೃದು, ಹಾಗಾಗಿ ಗೀರು ಬೀಳುವುದಿಲ್ಲ. ಆದರೆ ಹತ್ತಿರ ಕಣ್ಣಿಟ್ಟು ನೋಡಿದರೆ ಸಾಸಿವೆಯ ಮೊನೆಯಷ್ಟು ಕಪ್ಪು ಗುಳಿಗಳು ಅಲ್ಲಲ್ಲಿ ಉಳಿದಿರುತ್ತವೆ. ಹೋದ ಪದರ ಹೋದಂತೆಯೇ, ಫಾಯಿಲ್ ಅದನ್ನು ಮರಳಿ ಕೊಡುವುದಿಲ್ಲ. ಆದ್ದರಿಂದ ತೊಳೆದು, ಚೆನ್ನಾಗಿ ಒಣಗಿಸಿ, ಕಾರಿಗೆ ಹಚ್ಚುವ ವ್ಯಾಕ್ಸನ್ನು ಆ ಗುಳಿಗಳು ತುಂಬುವಂತೆ ತಿಕ್ಕಬೇಕು. ಮಳೆಗಾಲದಲ್ಲಿ ಇದು ಸಂಧ್ಯಾವಂದನೆಯಷ್ಟೇ ಕಟ್ಟುನಿಟ್ಟು. ಅದು ತಪ್ಪಿದರೆ ದೇವರು ಸುಮ್ಮನಿರುತ್ತಾನೆ, ಇದು ತಪ್ಪಿದರೆ ಭಟ್ಟರು ಸುಮ್ಮನಿರುವುದಿಲ್ಲ.

ಒದ್ದೆ ಗಾಡಿಗೆ ಪ್ಲಾಸ್ಟಿಕ್ ಹೊದಿಕೆ ಹಾಕುವ ಪ್ರೀತಿಯೂ ಬೇಡ. ಒಳಗೇ ಬೆವತು ಅದು ಇನ್ನಷ್ಟು ಕೆಡುತ್ತದೆ. ಇನ್ನು ರಿಮ್ಮಿನ ನಿಜವಾದ ಚರಿತ್ರೆ ಗೊತ್ತಿರುವುದು ಪಂಕ್ಚರ್ ಅಂಗಡಿಯವನಿಗೆ. ಸ್ಪೋಕಿನ ತೂತುಗಳಿಂದ ಇಳಿದ ನೀರು ಟ್ಯೂಬಿನ ಅಡಿಯಲ್ಲಿ ನಿಂತು ಮಾಡಿದ ಕೆಲಸವನ್ನು ಅವನು ಟೈರು ಬಿಚ್ಚಿ, ನೆಲಕ್ಕೆ ಕುಟ್ಟಿ, ಕೆಂಪು ಪುಡಿಯ ರೂಪದಲ್ಲಿ ನಮ್ಮ ಕಾಲ ಬುಡಕ್ಕೇ ಸುರಿಯುತ್ತಾನೆ. ಅಲ್ಲಿಗೆ ಹೊಳಪಿನ ಚಿಂತೆಯಿಲ್ಲ. ತಿಕ್ಕಿ ರೆಡ್ ಆಕ್ಸೈಡ್ ಬಳಿದರೆ ಆಯಿತು.

ಆಯುಧಪೂಜೆಯ ಬಗ್ಗೆ ಮಾತಾಡಿದರೆ ನಾಸ್ತಿಕ ಎನ್ನುತ್ತಾರೆ, ಆದರೂ ಹೇಳಿಬಿಡುತ್ತೇನೆ. ಒರೆಸಿ ಫಳಫಳ ಮಾಡಿದ ರಿಮ್ಮಿಗೆ ನೀರಲ್ಲಿ ಕಲೆಸಿದ ಅರಿಶಿನ, ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು, ಎದುರಿಗೆ ಕುಂಬಳಕಾಯಿ. ಗಾಡಿ ಮುಂದೆ ಹೋದ ಕೂಡಲೇ ನಿಂಬೆರಸ ಚಿಮ್ಮಿ ರಿಮ್ಮಿಗೆ ಅಭಿಷೇಕ. ಆ ಬೊಟ್ಟುಗಳನ್ನು ಅಳಿಸಿದರೆ ಅಪಶಕುನವೆಂದು ದೀಪಾವಳಿಯವರೆಗೂ ಹಾಗೇ ಬಿಡುವವರಿದ್ದಾರೆ. ನಾನು ಮಂಗಳಾರತಿ ಮುಗಿದು ಎಲ್ಲರೂ ಕೋಸಂಬರಿಯ ಕಡೆ ತಿರುಗುವುದನ್ನೇ ಕಾದು, ಬಕೆಟ್ ಹಿಡಿದು ಹೊರಗೆ ಬರುತ್ತೇನೆ.

ಜುಲೈ ಎರಡನೇ ಭಾನುವಾರ ಅಂತಾರಾಷ್ಟ್ರೀಯ ಜಾವಾ–ಯೆಜ್ಡಿ ದಿನ. ಆ ತಿಂಗಳನ್ನು ಆರಿಸಿದವರು ಕರಾವಳಿಯವರಲ್ಲ ಎಂದು ಬಿಡಿಸಿ ಹೇಳಬೇಕಿಲ್ಲ. ಹೋದ ಸಲ ಹತ್ತಿರದ ಊರುಗಳ ಗಾಡಿಗಳೆಲ್ಲ ಹೊಗೆ ಬಿಡುತ್ತಾ ಒಂದೆಡೆ ಸೇರಿದ್ದವು. ನನ್ನ ಗಾಡಿಯ ಮುಂದೆ ಹಿರಿಯರೊಬ್ಬರು ಕುಕ್ಕರಗಾಲಿನಲ್ಲಿ ಕೂತು, ಕನ್ನಡಕ ಮೇಲೇರಿಸಿ, ರಿಮ್ಮನ್ನು ಸುತ್ತಲೂ ನೋಡಿದರು. ಹೊಗಳಿಕೆ ಬರುತ್ತದೆಂದು ನಾನು ಹಲ್ಲು ಕಿರಿಯುತ್ತ ನಿಂತೆ.

"ಫ್ಯಾಕ್ಟರಿ ರಿಮ್ಮೇ?"

"ಹೌದು ಸಾರ್, ಒರಿಜಿನಲ್."

"ಛೆ! ತುಕ್ಕು ಯಾಕ್ರೀ ತೆಗೆದ್ರಿ? ಇಷ್ಟು ವಯಸ್ಸಾದ ಗಾಡಿಗೆ ಅದೇ ಅಲ್ವಾ ಲಕ್ಷಣ?"

"ಚಿಂತೆ ಮಾಡಬೇಡಿ ಸಾರ್, ಮಲ್ಪೆಗೆ ವಾಪಸ್ ಹೋಗೋಷ್ಟರಲ್ಲಿ ಬರುತ್ತೆ" ಎಂದೆ.