ಪಾಯಿಂಟು ಬದಲಿಸಿದ ಪುರುಷೋತ್ತಮ

ಹರಪನಹಳ್ಳಿ ಇದ್ದಲ್ಲೇ ಇದ್ದು ಊರೂರು ತಿರುಗಿದ ತಾಲ್ಲೂಕು. 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆ ಸೇರಿತು. 2018ರಲ್ಲಿ ಬಳ್ಳಾರಿಗೆ ವಾಪಸ್ ಬಂತು. 2021ರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಜೊತೆ ವಿಜಯನಗರ ಜಿಲ್ಲೆಗೆ ಕಾಲಿಟ್ಟಿತು. ಕಲ್ಲುಮಣ್ಣಿನ ತಾಲ್ಲೂಕೇ ಇಷ್ಟು ಓಡಾಡಿರುವಾಗ, ಎರಡು ಗಾಲಿ, ಎರಡು ಸೈಲೆನ್ಸರ್ ಇರುವ ನನ್ನ ಯೆಜ್ಡಿ ಮಾತ್ರ ಕೊಟ್ಟೂರಿನ ನಮ್ಮ ಅಂಗಳ ದಾಟಲು ಒಲ್ಲೆ ಅಂತ ಕೂತಿತ್ತು.

ಗಾಡಿ ಹಡಗಲಿಯ ಮಾವನವರದು. ಹಡಗಲಿಗೆ ಹೋದ ಬೇರೆ ಅಳಿಯಂದಿರು ಹೆಂಡತಿಗೆ ಮಲ್ಲಿಗೆ ತರುತ್ತಾರೆ. ನಾನು ತಂದದ್ದು ಇದನ್ನು. ಹುಟ್ಟಿದ್ದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ. 1960ರಲ್ಲಿ ಶುರುವಾದ ಆ ಕಂಪನಿ 1996ರಲ್ಲಿ ಬಾಗಿಲು ಹಾಕಿದರೂ ಅದು ಬಿಟ್ಟ ಗಾಡಿಗಳು ಬೀದಿಯಲ್ಲಿ ಇನ್ನೂ ಸದ್ದು ಮಾಡುತ್ತಲೇ ಇವೆ. ಕಿಕ್ಕರೂ ಅದೇ, ಗೇರೂ ಅದೇ. ಒಂದೇ ಲಿವರಿನಲ್ಲಿ ಸಂಸಾರ ಸಾಗಿಸುವ ಇಂಥ ಗಾಡಿಯನ್ನು ನಾನು ಇನ್ನೊಂದು ಕಂಡಿಲ್ಲ, ಜಾವಾ ಬಿಟ್ಟರೆ.

ಕೂಡ್ಲಿಗಿ ರಸ್ತೆಯಲ್ಲಿ ಅದು ಏದುಸಿರು ಬಿಡತೊಡಗಿದಾಗ ಮೇಸ್ತ್ರಿ ಒಮ್ಮೆ ಕಿವಿಗೊಟ್ಟು, "ಪಾಯಿಂಟ್ ಸವದೈತ್ರಿ ಸರ. ಬಿಟ್ಟು ಹೋಗ್ರಿ, ನಾಳೆ ನೋಡ್ತೀನಿ" ಅಂದ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು ನಾನು. ಕಿಡಿ ಹೇಗೆ ಹುಟ್ಟುತ್ತದೆಂದು ಬೋರ್ಡಿನ ಮೇಲೆ ಬರೆದು ಬರೆದು ಸೀಮೆಸುಣ್ಣ ಸವೆಸಿದವನು ಒಂದು ಪಾಯಿಂಟಿಗಾಗಿ ಪರರ ಬಾಗಿಲು ಕಾಯುವುದೇ? ಪಾಯಿಂಟ್ ಸೆಟ್ಟು, ಕಂಡೆನ್ಸರು ಕೊಂಡು ಮನೆಗೆ ಬಂದೆ.

ಕೆಲಸಕ್ಕೆ ಮುಂಚೆ ಒಂದು ಪಾಠ ಆಗಲೇಬೇಕಲ್ಲ. ಮನೆಯವಳನ್ನು ಕೂರಿಸಿಕೊಂಡು ಹೇಳಿದೆ: "ನೋಡು, ಕ್ರ್ಯಾಂಕಿನ ತುದೀಲಿ ಕ್ಯಾಮ್ ತಿರುಗ್ತದ. ಅದು ಈ ಫೈಬರ್ ತಳ್ಳಿದ ಕೂಡ್ಲೆ ಪಾಯಿಂಟು ಬಾಯಿ ಬಿಡ್ತದ. ಕಾಯಿಲಿನ ಕರೆಂಟು ತಟ್ಟನೆ ಕಡಿದು ಪ್ಲಗ್ಗಿನ್ಯಾಗ ಕಿಡಿ ಹಾರ್ತದ. ಫೈಬರ್ ಸವದ್ರೆ ಬಾಯಿ ತಡವಾಗಿ ಬಿಡ್ತದ, ಕಿಡಿ ಲೇಟು. ಈಗಿನ ಗಾಡಿಗಳಿಗೆ ಇದಕ್ಕೆಲ್ಲ ಸೆನ್ಸರ್ ಐತಿ."

"ಅಂದ್ರ ಯಾವಾಗ ಬಾಯಿ ಬಿಡಬೇಕು ಅನ್ನೋದು ಗೊತ್ತಿದ್ರ ಎಲ್ಲಾ ಸುಸೂತ್ರ ಅಂತಾತು," ಅಂದಳು. "ಬರೇ ಗಾಡಿಗೇನು ರೀ?"

ನಾನು ತಕ್ಷಣ ಬಲಗಡೆಯ ಕವರು ಬಿಚ್ಚಲು ಕೂತೆ.

ಸ್ಕ್ರೂಗಳು ಕಳೆಯಬಾರದೆಂದು ಸ್ಟೀಲ್ ತಟ್ಟೆಯಲ್ಲಿ ಶಿಸ್ತಾಗಿ ಜೋಡಿಸಿದ್ದೆ. ನಮ್ಮ ಕಡೆ ಸಂಜೆಯಾದರೆ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಆಗಲೇಬೇಕು. ಅದಕ್ಕೆ ತಟ್ಟೆ ಬೇಕಾಯಿತು. ಮಗರಾಯ ನನ್ನ ಸ್ಕ್ರೂಗಳನ್ನು ಕಟ್ಟೆಯ ಮೇಲೆ ಸುರಿದು, ತಟ್ಟೆ ಒರೆಸಿದಂತೆ ಮಾಡಿ ಒಳಗೆ ಕೊಟ್ಟ. ಪಾಯಿಂಟು ಬಿಗಿಯುವ ಚಿಕ್ಕ ಸ್ಕ್ರೂ ಮಾತ್ರ ಎಲ್ಲೂ ಇಲ್ಲ. ಬೈಕಿನಡಿ ಮಲಗಿ ಹುಡುಕಿದೆ, ಚರಂಡಿಗೆ ಕೈ ಹಾಕಿದೆ. ಸಾಕಾಗಿ ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡಾಗ ಕರಕ್ ಅಂತ ಸಿಕ್ಕಿತು. ಶೇಂಗಾ ಅಂತ ಇನ್ನೊಮ್ಮೆ ಜಗಿದೆ. ಹಲ್ಲು ಸ್ವಲ್ಪ ಹೋಯಿತು, ಸ್ಕ್ರೂ ಸ್ವಲ್ಪವೂ ಮುಕ್ಕಾಗಲಿಲ್ಲ. ಆ ಕಾಲದ ಮಾಲೇ ಮಾಲು.

ಇನ್ನು ಉಳಿದದ್ದು ಗ್ಯಾಪು. 0.4 ಮಿಲಿಮೀಟರ್ ಬಿಡಬೇಕು. ಅದಕ್ಕೆ ಫೀಲರ್ ಗೇಜ್ ಬೇಕು, ನನ್ನಲ್ಲಿಲ್ಲ. ಯಾರೋ ಕಾರ್ಡು ತೂರಿಸಿ ಅಳೆಯುವುದನ್ನು ಕಂಡಿದ್ದೆ. ಹೊಸಪೇಟೆ ಬೀಗರ ಮದುವೆ ಕಾರ್ಡು ಗೋಡೆಯ ಗೂಟಕ್ಕೇ ಇತ್ತು, ಗಣಪತಿ ಮುಂದಕ್ಕೆ ಉಬ್ಬಿ ನಿಂತಿರುವಂಥದ್ದು. ವಿಘ್ನ ಬಾರದಿರಲಿ ಎಂದು ಗಣಪತಿ ಇರುವ ತುದಿಯನ್ನೇ ತೂರಿಸಿ ಸ್ಕ್ರೂ ಬಿಗಿದೆ.

ಮೊದಲ ಕಿಕ್ಕಿಗೇ ಲಿವರು ತಿರುಗಿ ಒದೆಯಿತು. ಎಡಗಾಲು ಹಿಡಿದುಕೊಂಡು ಅಂಗಳವೆಲ್ಲ ಕುಣಿದೆ. ಮಗರಾಯ ಮೊಬೈಲಿನಲ್ಲಿ ವಿಡಿಯೋ ಹಿಡಿದ. ಆಮೇಲಿನ ಕಿಕ್ಕಿಗೆ ಮತ್ತೊಂದು ಝಾಡಿಸಿತು, ಆದರೆ ಹಿಂದೆಯೇ ಡುಗುಡುಗು ಅಂತ ಇಂಜಿನ್ನು ಹಿಡಿದುಕೊಂಡಿತು! ಸದ್ದು ಕೊಂಚ ಮುಲುಕುತ್ತಿತ್ತು, ನಿಜ. ಗೆದ್ದವನಿಗೆ ಅದೆಲ್ಲ ಎಲ್ಲಿ ಕೇಳುತ್ತದೆ? "ರೇಷ್ಮೆ ಸೀರೆ ಉಟ್ಕಂಡು ಬಾ, ಗುರು ಬಸವೇಶ್ವರನ ಗುಡಿಗೆ ಹೋಗಿ ಬರೋಣ" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ.

ಅವಳು ಹಿಂದೆ ಕೂತಳು. ನಾನು ಕಾಲರ್ ಸರಿಮಾಡಿಕೊಂಡು, ಎದುರು ಮನೆಯ ಅಜ್ಜಿಗೆ ಕೈ ಬೀಸಿ, ಫಸ್ಟ್ ಗೇರ್ ಹಾಕಿ ಕ್ಲಚ್ಚು ಬಿಟ್ಟೆ.

ಗಾಡಿ ಹಿಂದಕ್ಕೆ ಹೊರಟಿತು.

ಬೀದಿಯಲ್ಲಿ ಒಣಹಾಕಿದ್ದ ಅಜ್ಜಿಯ ಮೆಕ್ಕೆಜೋಳದ ರಾಶಿಗೆ ಮೊದಲು ಗಾಡಿ, ಆಮೇಲೆ ರೇಷ್ಮೆ ಸೀರೆ, ಕೊನೆಗೆ ವಿಜ್ಞಾನದ ಮೇಷ್ಟ್ರು ಸೇರಿದೆವು.

"ಯಪ್ಪಾ ಮೇಷ್ಟ್ರ," ಅಂದಳು ಅಜ್ಜಿ, "ಕೊಟ್ರೇಶನ ತೇರು ಸೈತ ಮುಂದಕ್ಕ ಹೋಗಿ ಆಮ್ಯಾಲೆ ವಾಪಸ್ ಬರತೈತಿ. ನಿಮ್ಮದು ಹೊಂಡೋದೇ ಹಿಂದಕ್ಕೇನು?"

ಜೋಳದಲ್ಲಿ ಕೂತುಕೊಂಡೇ ವಿವರಿಸಿದೆ. ಗ್ಯಾಪು ಅಗಲವಾದರೆ ಪಾಯಿಂಟು ಬೇಗ ಬಾಯಿ ಬಿಡುತ್ತದೆ. ಪಿಸ್ಟನ್ ಮೇಲೆ ಮುಟ್ಟುವ ಮುಂಚೆಯೇ ಕಿಡಿ ಬಿದ್ದು, ಅದನ್ನು ಕೆನ್ನೆಗೆ ಹೊಡೆದು ಹಿಂದಕ್ಕೆ ಅಟ್ಟುತ್ತದೆ. ಫೋರ್ ಸ್ಟ್ರೋಕ್ ಆಗಿದ್ದರೆ ವಾಲ್ವುಗಳು ಒಪ್ಪುತ್ತಿರಲಿಲ್ಲ. ಟೂ ಸ್ಟ್ರೋಕ್ ಇಂಜಿನ್ನು ಯಾವ ಕಡೆ ತಿರುಗಲೂ ಸೈ. "ಇದು ಅಪರೂಪದ ವಿದ್ಯಮಾನ" ಎಂದೆ. ಮನೆಯವಳು ಜಡೆಯಿಂದ ಜೋಳ ಆರಿಸುತ್ತ ನನ್ನನ್ನು ನೋಡಿದ ರೀತಿಯೂ ವಿದ್ಯಮಾನವೇ, ಅಪರೂಪದ್ದಲ್ಲ.

ಮೇಸ್ತ್ರಿ ಮನೆಗೇ ಬಂದ. ಸಿಗರೇಟ್ ಪ್ಯಾಕಿನ ತೆಳುಕಾಗದ ಪಾಯಿಂಟಿನ ನಡುವೆ ಇಟ್ಟು ಇಂಜಿನ್ನು ಮೆಲ್ಲಗೆ ತಿರುವಿದ. ಕಾಗದ ಸಡಿಲಾಗಿ ಕೈಗೆ ಬಂದ ಜಾಗಕ್ಕೆ ಟೈಮಿಂಗ್ ಕೂರಿಸಿದ. ಚಹಾ ಆರುವುದರೊಳಗೆ ಮುಗಿಯಿತು. ಕೈ ಒರೆಸಿಕೊಳ್ಳುತ್ತ ಗಣಪತಿಯನ್ನು ತಿರುಗಿಸಿ ನೋಡಿ, "ಕಾರ್ಡು ದಪ್ಪ ಐತ್ರಿ ಸರ" ಅಂದ. ತಿಳಿದವನ ಮಾತು. ತಪ್ಪು ಕಾರ್ಡಿನದೇ ಎಂದು ಅಲ್ಲಿಗೆ ಇತ್ಯರ್ಥವಾಯಿತು. ಮನೆಯವಳು ಮೇಲ್ಮನವಿ ಹಾಕಿದ್ದಾಳೆ, ಅದು ಬೇರೆ ವಿಷಯ.

ಆದ್ದರಿಂದ ಮಕ್ಕಳ ಮದುವೆಗೆ ಕಾರ್ಡು ಮಾಡಿಸುವ ಮಹನೀಯರಲ್ಲಿ ಒಂದೇ ವಿನಂತಿ. ಬಂಗಾರದ ಬಣ್ಣ ಹಚ್ಚಿಸಿ, ಬೇಡ ಅನ್ನುವುದಿಲ್ಲ. ದಪ್ಪ ಮಾತ್ರ 0.4 ಮಿಲಿಮೀಟರ್ ಮೀರದಂತೆ ನೋಡಿಕೊಳ್ಳಿ. ನಿಮ್ಮ ನೆಂಟರಲ್ಲಿ ಯಾರ ಮನೆಯಲ್ಲಿ ಯೆಜ್ಡಿ ಇದೆಯೋ ಹೇಳಲಾಗುವುದಿಲ್ಲ.